ಚಿತ್ರದೊಡನೆ ಸಾಗುವ ದಾನಪತ್ರ

ಕೋಲಾರ ತಾಲ್ಲೂಕಿನ ವಕ್ಕಲೇರಿಯು ಮಾರ್ಕಂಡೇಶ್ವರನ ಬೆಟ್ಟದಿಂದಾಗಿ ಸುತ್ತಮುತ್ತಲಿನ ಜನರಿಗೆ ಪರಿಚಿತವಾದ ಊರು. ಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆ ಈ ಊರಿನ ಹೆಸರು ಇನ್ನೊಂದು ಕಾರಣದಿಂದ ಪರಿಚಿತವಾಗಿದೆ. ಬಾದಾಮಿ ಚಾಲುಕ್ಯರ ಕೊನೆಯ ಅರಸನಾದ ಎರಡನೆಯ ಕೀರ್ತಿವರ್ಮನ ತಾಮ್ರಶಾಸನವೊಂದು ಇಲ್ಲಿ ದೊರೆಯಿತು. ಶಕವರ್ಷ 679, ಅಂದರೆ ಕ್ರಿ.ಶ. 757ರಲ್ಲಿ, ಅರಸನ ಪಾಳೆಯವು ಭೀಮಾನದಿಯ ಉತ್ತರ ದಡದಲ್ಲಿ ಬೀಡುಬಿಟ್ಟಿದ್ದಾಗ ಈ ಶಾಸನವನ್ನು ಬರೆಯಿಸಲಾಯಿತು. ಅರಸನ ತಂದೆಯಾದ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದರೂ ಆ ನಗರವನ್ನು ನಾಶಮಾಡದೆ, ಅಲ್ಲಿನ ರಾಜಸಿಂಹೇಶ್ವರ ದೇವಾಲಯಕ್ಕೆ ಚಿನ್ನವನ್ನು ಒಪ್ಪಿಸಿದ ಸಂಗತಿಯು ಇದರಲ್ಲಿದೆ. ಶತ್ರುವಿನ ಊರಿನ ಶಿಲ್ಪಕ್ಕೆ ಗೌರವ ತೋರಿದ ಈ ಪ್ರಸಂಗಕ್ಕಾಗಿಯೇ ಶಾಸನವನ್ನು ನೆನೆಯುವವರಿದ್ದಾರೆ. ಆದರೆ ಶಾಸನದ ಉದ್ದೇಶ ಬೇರೆ. ಅದು ಒಂದು ದಾನಪತ್ರ. ಪಾನುಂಗಲ್ಲು ವಿಷಯದ, ಎಂದರೆ ಇಂದಿನ ಹಾನಗಲ್ಲಿನ ಸೀಮೆಯ, ಸುಳ್ಳಿಯೂರೆಂಬ ಗ್ರಾಮವನ್ನು ಮಾಧವಶರ್ಮನೆಂಬ ಬ್ರಾಹ್ಮಣನಿಗೆ ಕೊಟ್ಟುದನ್ನು ಅದು ತಿಳಿಸುತ್ತದೆ.

ದಾನವಾದ ಗ್ರಾಮವಿದ್ದುದು ಹಾನಗಲ್ಲಿನ ಕಡೆ; ಶಾಸನ ದೊರೆತುದು ಕೋಲಾರದ ಕಡೆ. ತಾಮ್ರದ ತಗಡುಗಳು ಇಷ್ಟು ದೂರ ಹೇಗೆ ಬಂದುವೋ ಊಹಿಸುವುದು ಕಷ್ಟ. ಯಾರದೋ ಗಂಟಿನಲ್ಲಿ, ಯಾವುದೋ ಗಾಡಿಯಲ್ಲಿ ಬಂದಿರಬೇಕು. ಹೀಗೆ ನೆಲೆತಪ್ಪಿ ಬಂದಿದ್ದರೂ ಸಾವಿರ ವರ್ಷಗಳಿಗೂ ಮೀರಿದ ಮೇಲೆ ಅದನ್ನು ಓದಿದವರಿಗೆ ಯಾವ ಗೊಂದಲವೂ ಆಗಲಿಲ್ಲ. ಕೊಟ್ಟವನು ಯಾರು, ಪಡೆದವನು ಯಾರು, ಕೊಟ್ಟುದು ಏನು, ಎಂದು ಕೊಟ್ಟುದು ಎಂಬುದೆಲ್ಲ ಅದರಲ್ಲಿಯೇ ಇತ್ತು. ಬರೆದ ಅಧಿಕಾರಿಯ ಹೆಸರು ಕೂಡ ಇತ್ತು. ಕೊಡುಗೆಯ ಷರತ್ತು ಕೊಡುಗೆಯ ಜೊತೆಯಲ್ಲಿಯೇ ಪ್ರಯಾಣ ಮಾಡಬೇಕೆಂಬುದನ್ನು ಅಂದಿನವರು ಚೆನ್ನಾಗಿ ಅರಿತಿದ್ದರು.

ಇಂದು ನಾವು ಹೇಳಹೊರಟಿರುವುದು ಗ್ರಾಮದಾನದ ವಿಷಯವನ್ನಲ್ಲ, ಚಿತ್ರದಾನದ ವಿಷಯವನ್ನು. ಕಂಪ್ಯೂಟರಿನಲ್ಲಿ ಆಡುವ ಆಟಗಳಲ್ಲಿ ಕೆಲವನ್ನು ಯಾರು ಬೇಕಾದರೂ ಆಡಬಹುದು, ನಕಲು ಮಾಡಬಹುದು, ಬಿಚ್ಚಿ ನೋಡಬಹುದು, ತಿದ್ದಿ ಹಂಚಬಹುದು. ಇವುಗಳಿಗೆ ಮುಕ್ತ ಆಟಗಳೆಂದು ಹೆಸರು. ಇಂತಹ ಆಟಕ್ಕೆ ಚಿತ್ರ ಬರೆದುಕೊಡುವ ಕಲಾವಿದನು ತನ್ನ ಚಿತ್ರವನ್ನು ಯಾವ ಷರತ್ತಿನ ಮೇಲೆ ಕೊಡಬೇಕು? ಮೇಲುನೋಟಕ್ಕೆ ಇದು ಸಣ್ಣ ಪ್ರಶ್ನೆಯೆಂದು ತೋರುತ್ತದೆ. ಆದರೆ ಇದಕ್ಕೆ ತಪ್ಪು ಉತ್ತರ ಕೊಟ್ಟುದರಿಂದ ಒಳ್ಳೆಯ ಆಟಗಳು ಮೂಲೆ ಸೇರಿರುವುದುಂಟು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನಮ್ಮ ಹಳೆಯ ದೇವಾಲಯಗಳ ಕಲ್ಲುಹಾಸಿನ ಮೇಲೆ ಆಡು-ಹುಲಿ ಆಟದ ಗೆರೆಗಳನ್ನು ಕೊರೆದಿರುವುದನ್ನು ನೀವು ನೋಡಿರಬಹುದು. ಬಹುವಾಗಿ ಪ್ರಚಾರದಲ್ಲಿರುವ ಕ್ರಮದಲ್ಲಿ ಮೂರು ಹುಲಿ, ಹದಿನೈದು ಆಡು. ಹುಲಿ ಹಾರಿ ಆಡನ್ನು ತಿನ್ನುತ್ತದೆ. ಆಡುಗಳು ಒಟ್ಟುಗೂಡಿ ಹುಲಿಯನ್ನು ಅಲುಗಾಡದಂತೆ ಕಟ್ಟಿಹಾಕುತ್ತವೆ. ವಕ್ಕಲೇರಿಯ ಕಡೆಯ ಪ್ರೌಢಶಾಲೆಯೊಂದರ ಹುಡುಗರು ಈ ಆಟವನ್ನು ಕಂಪ್ಯೂಟರಿಗೆ ಅಳವಡಿಸಿದರೆಂದೂ, ಅದೇ ತರಗತಿಯ ಹುಡುಗಿಯೊಬ್ಬಳು ಹುಲಿ, ಆಡು, ಕಲ್ಲುಹಾಸು, ಹಿನ್ನೆಲೆಯ ಬೆಟ್ಟ ಇವುಗಳ ಚಿತ್ರಗಳನ್ನು ಬರೆದಳೆಂದೂ ಇಟ್ಟುಕೊಳ್ಳೋಣ. ಹುಡುಗರು ತಮ್ಮ ಪ್ರೋಗ್ರಾಮನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡುತ್ತಾರೆ. ಹುಡುಗಿಯ ಚಿತ್ರಗಳ ವಿಷಯದಲ್ಲಿ ಯಾರೂ ಏನೂ ಬರೆಯುವುದಿಲ್ಲ. ‘ಅವಳೇ ಕೊಟ್ಟಿದ್ದಾಳಲ್ಲ, ಇನ್ನೇನು ಬೇಕು?’ ಎಂದು ಸುಮ್ಮನಾಗುತ್ತಾರೆ.

ತೊಡಕು ಪ್ರಾರಂಭವಾಗುವುದು ಇಲ್ಲಿಯೇ. ಆಟದ ನಿಯಮ ಯಾರೊಬ್ಬರ ಸ್ವತ್ತೂ ಅಲ್ಲ. ಹುಲಿ ಹೇಗೆ ಹಾರಬೇಕೆಂಬುದು ಒಂದು ವಿಚಾರ. ಕಾನೂನು ವಿಚಾರಕ್ಕೆ ಬೇಲಿ ಹಾಕುವುದಿಲ್ಲ, ಆ ವಿಚಾರಕ್ಕೆ ಕೊಟ್ಟ ರೂಪಕ್ಕೆ ಮಾತ್ರ ಹಾಕುತ್ತದೆ. 1978ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಒಂದು ನಾಟಕ ಮತ್ತು ಚಲನಚಿತ್ರದ ವ್ಯಾಜ್ಯದಲ್ಲಿ ಈ ತತ್ತ್ವವನ್ನು ಸ್ಪಷ್ಟಪಡಿಸಿತು. ಆದರೆ ಆ ಹುಡುಗಿ ಬರೆದ ಹುಲಿಯ ಚಿತ್ರ ಒಂದು ರೂಪ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ, ಕಲಾಗುಣವಿರಲಿ ಇಲ್ಲದಿರಲಿ, ಸ್ವಂತವಾಗಿ ಬರೆದ ಚಿತ್ರವೆಲ್ಲವೂ ಕಲಾಕೃತಿಯೇ. ಅದರ ಸ್ವಾಮ್ಯ ಬರೆದ ಕ್ಷಣದಿಂದಲೇ ಬರೆದವರಿಗೆ ಸೇರುತ್ತದೆ. ಅದಕ್ಕೆ ನೋಂದಣಿ ಬೇಕಿಲ್ಲ, ಮುದ್ರೆ ಬೇಕಿಲ್ಲ. ಆ ಸ್ವಾಮ್ಯವು ಅವರ ಜೀವಿತಕಾಲವೆಲ್ಲ ಇದ್ದು, ಅವರ ಮರಣಾನಂತರ ಇನ್ನೂ 60 ವರ್ಷ ಉಳಿಯುತ್ತದೆ. ಹತ್ತನೆಯ ತರಗತಿಯ ಹುಡುಗಿಯ ಹುಲಿಯು ಹೀಗೆ ನೂರು ವರ್ಷಕ್ಕೂ ಮಿಕ್ಕಿ ಕಟ್ಟಿನಲ್ಲಿ ಇರಬಹುದು. ಮೌನವು ಸಮ್ಮತಿಯ ಲಕ್ಷಣವೆಂದು ಲೋಕ ಹೇಳುತ್ತದೆ. ಕೃತಿಸ್ವಾಮ್ಯದಲ್ಲಿ ಮೌನದ ಅರ್ಥ ನಿಷೇಧ.

ಒಂದು ಚೀಟಿಯಲ್ಲಿ ‘ಈ ಚಿತ್ರವನ್ನು ಬಳಸಿಕೊಳ್ಳಬಹುದು’ ಎಂದಷ್ಟೇ ಬರೆದುಕೊಟ್ಟರೆ ಸಾಲದೆ? ಸಾಲದು. ಸ್ವಾಮ್ಯವನ್ನು ವರ್ಗಾಯಿಸುವ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಅದು ಭಾರತದೊಳಗೆ ಮಾತ್ರವೆಂದೂ ನಮ್ಮ ಅಧಿನಿಯಮ ಭಾವಿಸುತ್ತದೆ. ಇದೇ ನಿಯಮವನ್ನು ಪರವಾನಗಿಗಳಿಗೂ ಅನ್ವಯಿಸಲಾಗಿದೆ. ಹೀಗಾಗಿ ಸ್ನೇಹದಿಂದ ಬರೆದ ಒಂದು ಸಾಲಿನ ಚೀಟಿ ಐದು ವರ್ಷಗಳ ಮೇಲೆ ಬಲ ಕಳೆದುಕೊಳ್ಳಬಹುದು. ಮಲೇಷ್ಯದಲ್ಲಿಯೋ ಅಮೆರಿಕದಲ್ಲಿಯೋ ಇರುವ ಕನ್ನಡ ಮಕ್ಕಳ ಕೈಗೆ ಆಟ ತಲಪುವ ವೇಳೆಗೆ ಅದು ಕೆಲಸಕ್ಕೆ ಬಾರದೆ ಹೋಗಬಹುದು. ‘ಲೋಕದಾದ್ಯಂತ, ಕೃತಿಸ್ವಾಮ್ಯವಿರುವಷ್ಟು ಕಾಲವೂ’ ಎಂದು ಸ್ಪಷ್ಟವಾಗಿ ಬರೆದ ಪತ್ರ ಬೇಕು. ನುರಿತ ಕಾನೂನುಪಂಡಿತರು ಸಿದ್ಧಪಡಿಸಿದ ಪರವಾನಗಿಗಳನ್ನು ಆರಿಸಿಕೊಳ್ಳಬೇಕೆಂದು ಹೇಳುವುದು ಇದಕ್ಕಾಗಿಯೇ. ಅವುಗಳಲ್ಲಿ ಈ ಮಾತುಗಳು ತಪ್ಪದೆ ಇರುತ್ತವೆ.

ಪ್ರೋಗ್ರಾಮು ಮುಕ್ತವಾಗಿ ಚಿತ್ರ ಮಾತ್ರ ಕಟ್ಟಿನಲ್ಲಿ ಉಳಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ‘ಡೂಮ್’ ಎಂಬ ಆಟದ ಕಥೆ ಒಳ್ಳೆಯ ನಿದರ್ಶನ. 1993ರಲ್ಲಿ ಹೊರಬಂದ ಈ ಆಟ ಬಹಳ ಜನಪ್ರಿಯವಾಯಿತು. 1997ರ ಕೊನೆಯಲ್ಲಿ ಅದರ ಕರ್ತೃಗಳು ಪ್ರೋಗ್ರಾಮಿನ ಮೂಲಪಾಠವನ್ನು ಹೊರಗೆಡವಿದರು. 1999ರಲ್ಲಿ ಅದಕ್ಕೆ ಪೂರ್ಣ ಮುಕ್ತ ಪರವಾನಗಿಯನ್ನೂ ಕೊಟ್ಟರು. ಆದರೆ ಆಟದೊಳಗಿನ ಚಿತ್ರಗಳು, ಧ್ವನಿಗಳು, ಹಂತಗಳು ಆ ಕೊಡುಗೆಯಲ್ಲಿ ಸೇರಿರಲಿಲ್ಲ. ಮನೆಯ ಕಂಬ, ತೊಲೆ, ಗೋಡೆಗಳೆಲ್ಲ ಊರಿನವರಿಗೆ ಸೇರಿ, ಬಾಗಿಲು, ಕಿಟಕಿ, ಬಣ್ಣ ಮಾತ್ರ ಹಳೆಯ ಯಜಮಾನನಿಗೆ ಸೇರಿದಂತಾಯಿತು. ಕೊನೆಗೆ ‘ಫ್ರೀಡೂಮ್’ ಎಂಬ ಹೆಸರಿನಿಂದ ಅನೇಕ ಸ್ವಯಂಸೇವಕರು ಒಂದೊಂದು ಗೋಡೆಯ ಚಿತ್ರವನ್ನೂ ಒಂದೊಂದು ರಾಕ್ಷಸನ ರೂಪವನ್ನೂ ಹೊಸದಾಗಿ ಬರೆದು ಆ ಕೊರತೆಯನ್ನು ತುಂಬಬೇಕಾಯಿತು. ಈ ಕೆಲಸಕ್ಕೆ ವರ್ಷಗಳೇ ಹಿಡಿದುವು. ಮೊದಲ ದಿನವೇ ಚಿತ್ರಗಳ ವಿಷಯದಲ್ಲಿ ಒಂದು ಪುಟ ಬರೆದಿದ್ದರೆ ಈ ಶ್ರಮವೆಲ್ಲ ಉಳಿಯುತ್ತಿತ್ತು.

ಹಾಗಾದರೆ ಯಾವ ಪರವಾನಗಿ? ಮೊದಲು ತೋರುವ ದಾರಿಯೆಂದರೆ ಪ್ರೋಗ್ರಾಮಿಗೆ ಯಾವುದೋ ಚಿತ್ರಕ್ಕೂ ಅದೇ ಎಂಬುದು. ಮುಕ್ತ ಪ್ರೋಗ್ರಾಮುಗಳಲ್ಲಿ ಅನೇಕವು ಗ್ನೂ ಸಾರ್ವಜನಿಕ ಪರವಾನಗಿಯಡಿ ಬಂದಿವೆ. ಇದನ್ನು ಸಂಕ್ಷೇಪವಾಗಿ ಜಿಪಿಎಲ್ ಎನ್ನುತ್ತಾರೆ. ರಿಚರ್ಡ್ ಸ್ಟಾಲ್ಮನ್ ಅವರು 1989ರಲ್ಲಿ ಮೊದಲು ಹೊರತಂದ ಇದರ ಎರಡನೆಯ ಆವೃತ್ತಿ 1991ರಲ್ಲಿಯೂ ಮೂರನೆಯದು 2007ರಲ್ಲಿಯೂ ಬಂದುವು. ಇದರ ತಿರುಳು ಸರಳ. ಪಡೆದವನು ತಿದ್ದಬಹುದು, ಹಂಚಬಹುದು, ಮಾರಲೂಬಹುದು. ಆದರೆ ತಾನು ಪಡೆದ ಸ್ವಾತಂತ್ರ್ಯವನ್ನು ಮುಂದಿನವನಿಗೂ ಕೊಡಬೇಕು, ಮೂಲಪಾಠವನ್ನು ಬಚ್ಚಿಡಬಾರದು. 2003ರಲ್ಲಿ ಡೇವಿಡ್ ವೈಟ್ ಅವರು ಪ್ರಾರಂಭಿಸಿದ ‘ಬ್ಯಾಟಲ್ ಫಾರ್ ವೆಸ್ನಾತ್’ ಎಂಬ ಹೆಸರಾಂತ ಮುಕ್ತ ಆಟದಲ್ಲಿ ಬಹುಕಾಲ ಚಿತ್ರ, ಸಂಗೀತಗಳೂ ಇದೇ ಪರವಾನಗಿಯಡಿ ಇದ್ದುವು.

ಆದರೆ ಈ ಪರವಾನಗಿಯನ್ನು ರಚಿಸಿದವರ ಕಣ್ಣಮುಂದೆ ಇದ್ದುದು ಪ್ರೋಗ್ರಾಮು, ಚಿತ್ರವಲ್ಲ. ಪ್ರೋಗ್ರಾಮಿಗೆ ಮೂಲಪಾಠವೆಂಬುದು ಸ್ಪಷ್ಟವಾದ ವಸ್ತು. ಚಿತ್ರಕ್ಕೆ ಮೂಲಪಾಠ ಯಾವುದು? ತಿದ್ದುವುದಕ್ಕೆ ಅತ್ಯಂತ ಅನುಕೂಲವಾದ ರೂಪವೇ ಮೂಲವೆಂದು ಜಿಪಿಎಲ್ ಹೇಳುತ್ತದೆ. ನಮ್ಮ ಹುಡುಗಿ ಕಂಪ್ಯೂಟರಿನಲ್ಲಿ ಪದರಪದರವಾಗಿ, ಗೆರೆ ಒಂದು ಪದರ, ಬಣ್ಣ ಒಂದು ಪದರ, ನೆರಳು ಒಂದು ಪದರ ಎಂದು ಬರೆದಿದ್ದರೆ ಆ ಪದರಗಳಿರುವ ಕಡತವೇ ಮೂಲ. ಅವಳು ಕಾಗದದ ಮೇಲೆ ಜಲವರ್ಣದಲ್ಲಿ ಬರೆದು ಅದರ ಛಾಯಾಪ್ರತಿಯನ್ನು ಕಂಪ್ಯೂಟರಿಗೆ ಸೇರಿಸಿದ್ದರೆ? ಆ ಕಾಗದ ಒಂದೇ ಇದೆ; ಅದನ್ನು ಪ್ರತಿಯೊಬ್ಬರಿಗೂ ಕಳುಹಿಸಲಾಗದು. ಕಲಾವಿದರು ಪದರಗಳ ಕಡತವನ್ನು ಕಳೆದುಕೊಳ್ಳುವುದೂ ಸಾಮಾನ್ಯ. ಇಂತಹ ಸಂದೇಹಗಳು ಜಿಪಿಎಲ್ ಪರವಾನಗಿಯನ್ನು ಚಿತ್ರಕ್ಕೆ ತೊಡಿಸಿದಾಗ ಮೇಲೆ ಬರುತ್ತವೆ. ಅಳತೆ ಬೇರೆಯವನದಾದ ಅಂಗಿಯನ್ನು ತೊಟ್ಟಂತೆ. ಮೈ ಮುಚ್ಚುತ್ತದೆ, ಆದರೆ ಅಲ್ಲಲ್ಲಿ ಬಿಗಿಯುತ್ತದೆ. ವೆಸ್ನಾತ್ ಆಟದವರೂ ಮುಂದೆ ಹೊಸ ಚಿತ್ರಗಳಿಗೆ ಬೇರೆ ಪರವಾನಗಿಯ ಕಡೆಗೆ ತಿರುಗಿದರು.

ಆ ಬೇರೆ ಪರವಾನಗಿ ‘ಕ್ರಿಯೇಟಿವ್ ಕಾಮನ್ಸ್’ ಎಂಬ ಸಂಸ್ಥೆಯದು. 2001ರಲ್ಲಿ ಸ್ಥಾಪಿತವಾದ ಈ ಸಂಸ್ಥೆ 2002ರ ಡಿಸೆಂಬರಿನಲ್ಲಿ ತನ್ನ ಮೊದಲ ಪರವಾನಗಿಗಳನ್ನು ಪ್ರಕಟಿಸಿತು. ಇವು ಸಾಹಿತ್ಯ, ಚಿತ್ರ, ಸಂಗೀತಗಳಿಗೆಂದೇ ರೂಪಿತವಾದುವು. ಪ್ರೋಗ್ರಾಮುಗಳಿಗೆ ಇವನ್ನು ಬಳಸಬೇಡಿರೆಂದು ಸಂಸ್ಥೆಯೇ ಸಲಹೆ ಕೊಡುತ್ತದೆ. ಇವುಗಳಲ್ಲಿ ನಾಲ್ಕು ಬಗೆಯ ಷರತ್ತುಗಳು ಬೇರೆಬೇರೆ ರೀತಿಯಲ್ಲಿ ಹೆಣೆದುಕೊಂಡಿವೆ. ಹೆಸರು ಹೇಳಬೇಕೆಂಬುದು ಒಂದು. ಮಾರ್ಪಡಿಸಿ ಹಂಚುವವನು ಅದೇ ಷರತ್ತಿನಡಿ ಹಂಚಬೇಕೆಂಬುದು ಇನ್ನೊಂದು. ವ್ಯಾಪಾರಕ್ಕೆ ಬಳಸಬಾರದೆಂಬುದು ಮೂರನೆಯದು, ಮಾರ್ಪಡಿಸಿದುದನ್ನು ಹಂಚಬಾರದೆಂಬುದು ನಾಲ್ಕನೆಯದು.

ಕೊನೆಯದನ್ನು ಮೊದಲು ಪಕ್ಕಕ್ಕಿಡಬಹುದು. ಆಟದ ಚಿತ್ರವನ್ನು ಚಿಕ್ಕದು ಮಾಡಬೇಕು, ಬಣ್ಣ ಬದಲಿಸಬೇಕು, ಕುಳಿತ ಹುಲಿಯನ್ನು ನಿಲ್ಲಿಸಬೇಕು, ನಡೆಸಬೇಕು. ಮಾರ್ಪಾಡನ್ನು ಹಂಚಬಾರದೆಂದರೆ ಚಿತ್ರ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದಂತೆಯೇ ಸರಿ.

ವ್ಯಾಪಾರನಿಷೇಧದ ಷರತ್ತಿನ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ಯೋಚಿಸಬೇಕು. ಏಕೆಂದರೆ ಕಲಾವಿದರಿಗೆ ಬಹಳ ಪ್ರಿಯವಾಗಿ ತೋರುವುದು ಇದೇ. ‘ನಾನು ಹಣ ಕೇಳದೆ ಕೊಟ್ಟುದನ್ನು ಇನ್ನೊಬ್ಬ ಮಾರಿ ಲಾಭ ಮಾಡಿಕೊಳ್ಳುವುದು ನ್ಯಾಯವೆ?’ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯ ಹಿಂದಿರುವ ನೋವು ನಿಜವಾದುದು. ನಮ್ಮ ನಾಡಿನಲ್ಲಿ ಚಿತ್ರ ಬರೆಯುವವರಿಗೆ ಸಂದಾಯವಾಗುವುದು ಯಾವಾಗಲೂ ಕಡಿಮೆಯೇ. ಆದರೂ ಫಲವನ್ನು ನೋಡಬೇಕು. ಕೋಲಾರದ ಅಂಗಡಿಯವನೊಬ್ಬನು ಶಾಲೆಗಳಿಗೆ ಕಂಪ್ಯೂಟರುಗಳನ್ನು ಒದಗಿಸುವಾಗ ಆಡು-ಹುಲಿ ಆಟವನ್ನು ಅದರಲ್ಲಿ ಹಾಕಿಕೊಟ್ಟರೆ ಅದು ವ್ಯಾಪಾರವೋ ಅಲ್ಲವೋ? ಹಳ್ಳಿಯ ಶಾಲೆಗೆ ಆಟಗಳನ್ನು ಒಂದು ತಟ್ಟೆಯಲ್ಲಿ ತುಂಬಿ ತಟ್ಟೆಯ ಬೆಲೆಯೊಂದಿಗೆ ಹತ್ತು ರೂಪಾಯಿ ಹೆಚ್ಚಿಗೆ ಪಡೆದರೆ? ಹೀಗೆ ಸಂದೇಹ ಬಂದಲ್ಲಿ ಸಭ್ಯನಾದವನು ಚಿತ್ರವನ್ನು ಮುಟ್ಟದೆ ಬಿಡುತ್ತಾನೆ. ಸಭ್ಯನಲ್ಲದವನು ಹೇಗೂ ಬಳಸಿಕೊಳ್ಳುತ್ತಾನೆ. ಮೇಲಾಗಿ ಜಿಪಿಎಲ್ ಪ್ರೋಗ್ರಾಮನ್ನು ಮಾರುವ ಸ್ವಾತಂತ್ರ್ಯವಿದ್ದು ಅದರೊಳಗಿನ ಚಿತ್ರವನ್ನು ಮಾರುವ ಸ್ವಾತಂತ್ರ್ಯವಿಲ್ಲದಿದ್ದರೆ ಆಟವಾಗಿ ಅದು ಮುಕ್ತವಲ್ಲ. ‘ಡೆಬಿಯನ್’ ಎಂಬ ಮುಕ್ತ ಕಾರ್ಯವ್ಯವಸ್ಥೆಯನ್ನು ಹಂಚುವವರು 1997ರಲ್ಲಿ ರೂಪಿಸಿಕೊಂಡ ಸೂತ್ರಗಳ ಪ್ರಕಾರ ವ್ಯಾಪಾರನಿಷೇಧವಿರುವ ಯಾವುದನ್ನೂ ತಮ್ಮ ಮುಖ್ಯ ಸಂಗ್ರಹದಲ್ಲಿ ಸೇರಿಸುವುದಿಲ್ಲ. ಅಲ್ಲಿ ಸೇರದ ಆಟವು, ಅದನ್ನು ಆಧರಿಸಿ ಸಿದ್ಧವಾಗುವ ಇತರ ಎಷ್ಟೋ ಸಂಗ್ರಹಗಳಿಗೂ ತಲಪುವುದಿಲ್ಲ. ಲಾಭಕೋರನನ್ನು ತಡೆಯಲೆಂದು ಹಾಕಿದ ಬೇಲಿಯು ಶಾಲೆಯ ಮಕ್ಕಳನ್ನು ತಡೆಯುತ್ತದೆ. ಲಾಭಕೋರನಿಗೆ ಅಡ್ಡಿಯಾಗುವ ಬೇರೆ ಷರತ್ತೊಂದು ಇದೆ, ಅದು ಎರಡನೆಯದು.

ಹೆಸರು ಹೇಳಿ ಅದೇ ಷರತ್ತಿನಡಿ ಹಂಚಬೇಕೆಂಬ ಈ ಪರವಾನಗಿಯನ್ನು ಸಿಸಿ ಬಿವೈ-ಎಸ್‌ಎ ಎಂದು ಗುರುತಿಸುತ್ತಾರೆ. ಹುಡುಗಿಯ ಹುಲಿಯನ್ನು ಯಾರೋ ಪಡೆದು, ಅದಕ್ಕೆ ಮೀಸೆ ತಿದ್ದಿ, ಹೊಸ ಬಣ್ಣ ಹಾಕಿ ಮಾರಿದರೆಂದಿಟ್ಟುಕೊಳ್ಳೋಣ. ಮಾರಲಿ. ಆದರೆ ಆ ಹೊಸ ಹುಲಿಯ ಪಕ್ಕದಲ್ಲಿ ಹುಡುಗಿಯ ಹೆಸರಿರಬೇಕು. ಆ ಹೊಸ ಹುಲಿಯನ್ನೂ ಯಾರು ಬೇಕಾದರೂ, ಹುಡುಗಿಯೂ ಸೇರಿದಂತೆ, ಪಡೆದು ಬಳಸಬಹುದಾಗಿರಬೇಕು. ಪಡೆದುದನ್ನು ಬೀಗ ಹಾಕಿ ಇಡುವ ದಾರಿಯಿಲ್ಲ. ‘0 ಎ.ಡಿ.’ ಎಂಬ ಚಾರಿತ್ರಿಕ ಯುದ್ಧದ ಆಟವನ್ನು ಅದರ ಕರ್ತೃಗಳು 2009ರಲ್ಲಿ ಮುಕ್ತಗೊಳಿಸಿದಾಗ ಪ್ರೋಗ್ರಾಮಿಗೆ ಜಿಪಿಎಲ್, ಚಿತ್ರ ಮೊದಲಾದುವಕ್ಕೆ ಸಿಸಿ ಬಿವೈ-ಎಸ್‌ಎ ಎಂದು ಎರಡು ಪತ್ರಗಳನ್ನು ಬರೆದಿಟ್ಟರು. ಚಿತ್ರದ ಷರತ್ತು ಪ್ರೋಗ್ರಾಮಿಗೂ ಅಂಟಿಕೊಳ್ಳುತ್ತದೆಯೇ ಎಂಬ ವಿಷಯದಲ್ಲಿ ಬಲ್ಲವರಲ್ಲಿ ಏಕಾಭಿಪ್ರಾಯವಿಲ್ಲ. ಹೀಗೆ ಎರಡನ್ನೂ ಬೇರೆಬೇರೆ ಕಡತಗಳಲ್ಲಿಟ್ಟು ಬೇರೆಬೇರೆ ಪತ್ರ ಬರೆಯುವುದು ರೂಢಿಯಾಗಿದೆ.

ಹೆಸರು ಹೇಳಿದರೆ ಸಾಕು, ಮಿಕ್ಕದ್ದು ಅವರವರ ಇಚ್ಛೆ ಎನ್ನುವವರು ಸಿಸಿ ಬಿವೈ ಎಂಬುದನ್ನು ಆರಿಸಿಕೊಳ್ಳಬಹುದು. ಲಿನಕ್ಸ್ ಕಾರ್ಯವ್ಯವಸ್ಥೆಯ ಲಾಂಛನವಾದ ಪೆಂಗ್ವಿನ್ ಹಕ್ಕಿಯ ಚಿತ್ರವನ್ನು 1996ರಲ್ಲಿ ಬರೆದ ಲ್ಯಾರಿ ಯೂಯಿಂಗ್ ಅವರು ಇದೇ ಮನೋಭಾವದಿಂದ ಅದನ್ನು ಲೋಕಕ್ಕೆ ಬಿಟ್ಟರು. ಆಗ ಕ್ರಿಯೇಟಿವ್ ಕಾಮನ್ಸ್ ಇರಲಿಲ್ಲ. ತನ್ನ ಹೆಸರನ್ನೂ ತಾನು ಬಳಸಿದ ಚಿತ್ರಸಾಧನವಾದ ‘ಗಿಂಪ್’ನ ಹೆಸರನ್ನೂ ಹೇಳಿದರೆ ಸಾಕೆಂದು ಅವರು ತಮ್ಮದೇ ಮಾತಿನಲ್ಲಿ ತಿಳಿಸಿದ್ದರು. ಆ ಹಕ್ಕಿ ಎಷ್ಟು ಆಟಗಳಲ್ಲಿ ಓಡಿದೆಯೋ ಎಣಿಸುವುದು ಕಷ್ಟ.

ಇದಕ್ಕೂ ಮುಂದೆ ಹೋಗಿ, ಯಾವ ಷರತ್ತೂ ಬೇಡ, ಹೆಸರೂ ಬೇಡ ಎಂದು ಕೈಬಿಡುವ ಬಗೆಯೊಂದಿದೆ. 2009ರಲ್ಲಿ ಬಂದ ‘ಸಿಸಿ ಸೊನ್ನೆ’ ಎಂಬ ಪತ್ರ ಇದಕ್ಕಾಗಿಯೇ ಇದೆ. ನಮ್ಮ ಅಧಿನಿಯಮವೂ ಕರ್ತೃವು ತನ್ನ ಹಕ್ಕನ್ನು ತ್ಯಜಿಸಲು ಅವಕಾಶ ಕೊಟ್ಟಿದೆ. 2012ರ ತಿದ್ದುಪಡಿಯ ನಂತರ ಅದನ್ನು ನೋಂದಣಾಧಿಕಾರಿಗೆ ಬರೆದು ಮಾತ್ರವಲ್ಲದೆ ಸಾರ್ವಜನಿಕ ಪ್ರಕಟಣೆಯ ಮೂಲಕವೂ ಮಾಡಬಹುದು. ಈ ಬಗೆಯ ತ್ಯಾಗಕ್ಕೆ ಮನಮುಟ್ಟುವ ಉದಾಹರಣೆಯೆಂದರೆ ‘ಗ್ಲಿಚ್’ ಎಂಬ ಆಟ. ಅನೇಕ ಜನ ಕೂಡಿ ಆಡುತ್ತಿದ್ದ ಈ ಆಟವನ್ನು ಅದರ ಒಡೆಯರು ನಷ್ಟದಿಂದಾಗಿ 2012ರ ಡಿಸೆಂಬರಿನಲ್ಲಿ ಮುಚ್ಚಬೇಕಾಯಿತು. ಸಾಮಾನ್ಯವಾಗಿ ಇಂತಹ ಸಂದರ್ಭದಲ್ಲಿ ಚಿತ್ರಕಾರರು ವರ್ಷಗಟ್ಟಲೆ ಬರೆದುದೆಲ್ಲ ಬೀಗದ ಪೆಟ್ಟಿಗೆಯಲ್ಲಿ ಸೇರಿಹೋಗುತ್ತದೆ. ಗ್ಲಿಚ್‌ನ ಒಡೆಯರು ಹಾಗೆ ಮಾಡಲಿಲ್ಲ. 2013ರ ನವೆಂಬರಿನಲ್ಲಿ ಮರಗಳು, ಮನೆಗಳು, ಪ್ರಾಣಿಗಳು, ವೇಷಗಳು ಎಂದು ಆಟದ ಬಹುಪಾಲು ಚಿತ್ರಗಳನ್ನು ಯಾವ ಷರತ್ತೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟರು. ಆಟ ಸತ್ತಿತು, ಅದರ ಮರಗಳು ಬೇರೆಯವರ ತೋಟಗಳಲ್ಲಿ ಚಿಗುರಿದುವು.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಪರವಾನಗಿಯ ಹೆಸರನ್ನು ಮಾತ್ರವಲ್ಲ, ಆವೃತ್ತಿಯ ಸಂಖ್ಯೆಯನ್ನೂ ಬರೆಯಬೇಕು. ಇದು ಗುಮಾಸ್ತರ ಹಟವಲ್ಲ. 2012ರಲ್ಲಿ ‘ಲಿಬರೇಟೆಡ್ ಪಿಕ್ಸೆಲ್ ಕಪ್’ ಎಂಬ ಸ್ಪರ್ಧೆ ನಡೆಯಿತು. ಮೊದಲು ಎಲ್ಲರೂ ಒಂದೇ ಶೈಲಿಯಲ್ಲಿ ಆಟದ ಚಿತ್ರಗಳನ್ನು ಬರೆಯಬೇಕು. ಆಮೇಲೆ ಅವುಗಳನ್ನು ಬಳಸಿ ಆಟಗಳನ್ನು ಕಟ್ಟಬೇಕು. ಆಗ ಚಾಲ್ತಿಯಲ್ಲಿದ್ದ ಸಿಸಿ ಬಿವೈ-ಎಸ್‌ಎ ಮೂರನೆಯ ಆವೃತ್ತಿಗೂ ಜಿಪಿಎಲ್ ಪರವಾನಗಿಗೂ ಹೊಂದಾಣಿಕೆ ಇರಲಿಲ್ಲ. ಎರಡೂ ‘ನನ್ನ ಷರತ್ತಿನಡಿಯೇ ಹಂಚು’ ಎನ್ನುವಂತಹವು. ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಸುವುದು ಹೇಗೆ? ಆದುದರಿಂದ ಸ್ಪರ್ಧಿಗಳೆಲ್ಲ ತಮ್ಮ ಚಿತ್ರಗಳನ್ನು ಎರಡು ಪರವಾನಗಿಗಳಡಿಯಲ್ಲಿಯೂ ಒಟ್ಟಿಗೆ ಕೊಡಬೇಕೆಂದು ಗೊತ್ತುಮಾಡಲಾಯಿತು. ಪಡೆಯುವವನು ತನಗೆ ಒಗ್ಗುವುದನ್ನು ಆರಿಸಿಕೊಳ್ಳಬಹುದು. 2013ರ ನವೆಂಬರಿನಲ್ಲಿ ನಾಲ್ಕನೆಯ ಆವೃತ್ತಿ ಬಂದಿತು. 2015ರ ಅಕ್ಟೋಬರಿನಲ್ಲಿ, ಆ ಆವೃತ್ತಿಯಡಿ ಇರುವ ಕೃತಿಯ ರೂಪಾಂತರವನ್ನು ಜಿಪಿಎಲ್ ಮೂರನೆಯ ಆವೃತ್ತಿಗೆ ಸೇರಿಸಬಹುದೆಂದು ಅಧಿಕೃತವಾಗಿ ಘೋಷಿಸಲಾಯಿತು. ಇದು ಏಕಮುಖದ ದಾರಿ. ಜಿಪಿಎಲ್ ಕೃತಿಯನ್ನು ಹಿಂದಕ್ಕೆ ತರಲಾಗದು. ನಾಲ್ಕನೆಯ ಆವೃತ್ತಿಯಲ್ಲಿ ಇನ್ನೊಂದು ಔದಾರ್ಯವೂ ಉಂಟು. ಷರತ್ತನ್ನು ಮೀರಿದವನು ತಪ್ಪು ತಿಳಿದ 30 ದಿನಗಳೊಳಗೆ ಸರಿಪಡಿಸಿದರೆ ಕಳೆದುಕೊಂಡ ಅನುಮತಿ ತಾನಾಗಿ ಮರಳುತ್ತದೆ. ಹೆಸರು ಬರೆಯಲು ಮರೆತ ಹುಡುಗನಿಗೆ ಇದಕ್ಕಿಂತ ಹೆಚ್ಚಿನ ದಂಡನೆ ಬೇಕಿಲ್ಲ.

ಆ ಸ್ಪರ್ಧೆಯಿಂದ ಬೇರೊಂದು ಪಾಠವೂ ಬಂದಿತು. ಒಬ್ಬರು ಬರೆದ ಮೈಗೆ ಇನ್ನೊಬ್ಬರು ತಲೆಗೂದಲು ಬರೆದರು, ಮತ್ತೊಬ್ಬರು ಅಂಗಿ, ಮಗದೊಬ್ಬರು ಕತ್ತಿ. ಹೀಗೆ ಕೂಡಿಬಂದ ಒಂದು ಪುಟ್ಟ ಬೊಂಬೆಗೆ ಹಲವು ಮಂದಿ ಕರ್ತೃಗಳು. ಎಲ್ಲರ ಹೆಸರನ್ನೂ ಹೇಳಬೇಕು. ಮೊದಲಿನಿಂದ ಪಟ್ಟಿ ಇಡದವರು ಕೊನೆಯಲ್ಲಿ ಯಾರ ಕೂದಲು ಯಾರದೆಂದು ಹುಡುಕುತ್ತ ಕೂರಬೇಕಾಗುತ್ತದೆ.

ನಮ್ಮ ಕನ್ನಡದಲ್ಲಿ ಈ ರೀತಿಯ ಕೊಡುಗೆ ಹೊಸದಲ್ಲ. ಕಾದಂಬರಿಕಾರ ನಿರಂಜನ ಅವರ ಕೃತಿಗಳನ್ನು 2014ರಲ್ಲಿ ಅವರ ಕುಟುಂಬದವರು ಸಿಸಿ ಬಿವೈ-ಎಸ್‌ಎ ಪರವಾನಗಿಯಡಿ ಬಿಡುಗಡೆ ಮಾಡಿದರು. ‘ಚಿರಸ್ಮರಣೆ’ಯಂತಹ ಕಾದಂಬರಿಯನ್ನು ಬರೆದ ಲೇಖಕನ ಬರಹ ಹೀಗೆ ಎಲ್ಲರ ಕೈಗೆ ಬಂದುದು ನಮ್ಮ ಭಾಷೆಗೆ ದೊಡ್ಡ ಲಾಭ. ಆಟಕ್ಕೆ ಬೇಕಾದ ಕನ್ನಡ ಅಕ್ಷರಗಳ ವಿಷಯವೂ ಹೀಗೆಯೇ. ಆಟದ ಹೆಸರನ್ನು ಪರದೆಯ ಮೇಲೆ ಕನ್ನಡದಲ್ಲಿ ಮೂಡಿಸಲು ಬಳಸುವ ಅಕ್ಷರಶೈಲಿಯೂ ಒಂದು ಕೃತಿಯೇ, ಅದಕ್ಕೂ ಪರವಾನಗಿಯಿದೆ. ಲೋಹಿತ್ ಕನ್ನಡದಂತಹ ಅಕ್ಷರಶೈಲಿಗಳು ‘ಮುಕ್ತ ಅಕ್ಷರಶೈಲಿ ಪರವಾನಗಿ’ಯಡಿ ದೊರೆಯುತ್ತವೆ. ಇವನ್ನು ಪ್ರತ್ಯೇಕವಾಗಿ ಮಾರುವಂತಿಲ್ಲವಾದರೂ ಆಟದೊಡನೆ ಸೇರಿಸಿ ಹಂಚುವುದಕ್ಕೆ, ಆ ಆಟವನ್ನು ಮಾರುವುದಕ್ಕೂ ಕೂಡ, ಅಡ್ಡಿಯಿಲ್ಲ.

ಪತ್ರ ಬರೆಯುವ ಮುನ್ನ ಕೊಡುವ ವಸ್ತು ನಮ್ಮದೇ ಎಂಬುದನ್ನು ನಿಶ್ಚಯಮಾಡಿಕೊಳ್ಳಬೇಕು. ಚಾಲುಕ್ಯ ದೊರೆಯೂ ತನ್ನದಲ್ಲದ ಗ್ರಾಮವನ್ನು ದಾನ ಮಾಡಲಾರನಷ್ಟೆ. ಹುಡುಗಿಯು ಕೋಲಾರಮ್ಮನ ಗುಡಿಯ ಮುಂದೆ ಕುಳಿತು ಅಲ್ಲಿನ ಶಿಲ್ಪವೊಂದನ್ನು ಕಣ್ಣಾರೆ ನೋಡಿ ಬರೆದುಕೊಂಡರೆ ಚಿಂತೆಯಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿರುವ ಶಿಲ್ಪವನ್ನು ಚಿತ್ರಿಸಲು ಅಧಿನಿಯಮವೇ ಅನುಮತಿ ಕೊಟ್ಟಿದೆ. ಅದಲ್ಲದೆ ಆ ಶಿಲ್ಪಿಯ ಹಕ್ಕಿನ ಕಾಲ ಎಂದೋ ಮುಗಿದಿದೆ. ಆದರೆ ಅದೇ ಶಿಲ್ಪದ ಬಗ್ಗೆ ಇಂದಿನ ಛಾಯಾಗ್ರಾಹಕನೊಬ್ಬನು ತೆಗೆದ ಭಾವಚಿತ್ರದ ಮೇಲೆ ಕಾಗದವಿಟ್ಟು ಗೆರೆ ಎಳೆದರೆ ಮಾತು ಬೇರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಗಂಜೀಫಾ ಎಲೆಗಳ ಚಿತ್ರಗಳು ಹಳೆಯವಾದುದರಿಂದ ಸ್ವತಂತ್ರ. ಅದೇ ಸಂಪ್ರದಾಯದಲ್ಲಿ ಇಂದಿನ ಕಲಾವಿದನು ಬರೆದ ಎಲೆ ಅವನದು. ಸಂಬಳಕ್ಕಿದ್ದು ಬರೆದ ಚಿತ್ರವಾದರೆ ಅದು ಸಾಮಾನ್ಯವಾಗಿ ಸಂಬಳ ಕೊಟ್ಟವನಿಗೆ ಸೇರುತ್ತದೆ. ಹಣ ಪಡೆದು ಬೇರೊಬ್ಬನ ಕೋರಿಕೆಯಂತೆ ಬರೆದುದೂ, ಬೇರೆ ಒಪ್ಪಂದವಿಲ್ಲದಿದ್ದರೆ, ಅನೇಕ ವೇಳೆ ಹಾಗೆಯೇ. ಇನ್ನು ನಮ್ಮ ಹುಡುಗಿಗೆ 18 ವರ್ಷ ತುಂಬಿಲ್ಲ. ಚಿತ್ರ ಅವಳದೇ ಆದರೂ ಒಪ್ಪಂದದ ಮಾತು ಬಂದಾಗ ಅವಳ ತಂದೆತಾಯಿಗಳ ಅಥವಾ ಪೋಷಕರ ಸಮ್ಮತಿಯನ್ನು ಬರೆಯಿಸಿಕೊಳ್ಳುವುದು ವಿವೇಕ.

ಅವರಿಗೂ ಅವಳಿಗೂ ಒಂದು ಸಂಗತಿಯನ್ನು ಮುಚ್ಚಿಡದೆ ತಿಳಿಸಬೇಕು. ಈ ಪರವಾನಗಿಗಳನ್ನು ಹಿಂದಕ್ಕೆ ಪಡೆಯುವಂತಿಲ್ಲ. ನಾಳೆ ಮನಸ್ಸು ಬದಲಾಗಿ ಹುಲಿಯನ್ನು ತನ್ನ ಕಡೆಯಿಂದ ಹಂಚುವುದನ್ನು ಅವಳು ನಿಲ್ಲಿಸಬಹುದು. ಆದರೆ ಈಗಾಗಲೇ ಪಡೆದವರ ಅನುಮತಿ ಹೋಗುವುದಿಲ್ಲ. ಧಾರೆ ಎರೆದ ನೀರನ್ನು ಮತ್ತೆ ಗಿಂಡಿಗೆ ತುಂಬಲಾಗದು. ಇದನ್ನು ಕೇಳಿ ಅವಳು ಹಿಂಜರಿದರೆ ಅದು ತಪ್ಪಲ್ಲ, ಬಲವಂತಮಾಡುವುದೇ ತಪ್ಪು.

ಅವಳು ಒಪ್ಪಿದಳೆನ್ನೋಣ. ಆಡು, ಹುಲಿ, ಬೆಟ್ಟಗಳಿಗೆ ನಾನಾದರೆ ಸಿಸಿ ಬಿವೈ-ಎಸ್‌ಎ ನಾಲ್ಕನೆಯ ಆವೃತ್ತಿಯನ್ನು ಸೂಚಿಸುತ್ತೇನೆ. ಗುಂಡಿ, ಬಾಣ ಮೊದಲಾದ ಸಣ್ಣ ಗುರುತುಗಳಿಗೆ ಹೆಸರಿನ ಗೊಡವೆ ಏಕೆ, ಅವನ್ನು ಸಿಸಿ ಸೊನ್ನೆಗೆ ಬಿಡಬಹುದು. ಪದರಗಳಿರುವ ಮೂಲ ಕಡತಗಳನ್ನೂ, ಪರವಾನಗಿ ಬಲವಂತಮಾಡದಿದ್ದರೂ, ಜೊತೆಯಲ್ಲಿ ಇಟ್ಟರೆ ಮುಂದಿನವನಿಗೆ ಉಪಕಾರ. ಅನಂತರ ಚಿತ್ರಗಳಿರುವ ಕೋಶದಲ್ಲಿಯೇ ಒಂದು ಸರಳ ಅಕ್ಷರಕಡತವನ್ನು ತೆರೆದು ಪ್ರತಿಯೊಂದು ಚಿತ್ರಕ್ಕೂ ಒಂದೊಂದು ಸಾಲು ಬರೆಯಬೇಕು. ಬೇರೆಲ್ಲಿಯೋ ಬರೆದಿಟ್ಟರೆ ಪ್ರಯೋಜನವಿಲ್ಲ. ಚಿತ್ರ ಊರು ಬಿಟ್ಟು ಊರು ಹೋಗುವಾಗ ಪತ್ರ ಹಿಂದೆಯೇ ಉಳಿದುಬಿಡುತ್ತದೆ. ಕಡತದ ಹೆಸರು, ಚಿತ್ರದ ಹೆಸರು, ಬರೆದವಳ ಹೆಸರು, ವರ್ಷ, ಪರವಾನಗಿ ಮತ್ತು ಅದರ ಆವೃತ್ತಿ, ಅದರ ಪೂರ್ಣಪಾಠ ದೊರೆಯುವ ವಿಳಾಸ. ಯಾರಾದರೂ ಮುಂದೆ ತಿದ್ದಿದರೆ ತಿದ್ದಿದವರ ಹೆಸರು ಮತ್ತು ಏನನ್ನು ತಿದ್ದಿದರೆಂಬುದು. ಹುಡುಗರು ಆಟವನ್ನು ಹೊರಗೆ ಕಳುಹಿಸುವ ಹಿಂದಿನ ಸಂಜೆ ಹುಡುಗಿ ತನ್ನ ಕೈಯಾರೆ ಬೆರಳಚ್ಚಿಸುವ ಮೊದಲ ಸಾಲು ಹೀಗಿರಬಹುದು: ‘ಹುಲಿ, ಮೂರು ಭಂಗಿಗಳಲ್ಲಿ, ಕಲ್ಲುಹಾಸಿನ ಮೇಲೆ ಕುಳಿತದ್ದು, ಹಾರುತ್ತಿರುವುದು, ಕಟ್ಟಿಗೆ ಸಿಕ್ಕಿದ್ದು.’ ಅದರ ಮುಂದೆ ಅವಳ ಹೆಸರು.